ನಮ್ಮವರ ಜೇಡಗಳೂ ನಮ್ಮಮ್ಮನ ಪೊರಕೆಯೂ

ಗಂಡಸರಿಗೆ ಒಂದು ಹುಚ್ಚು ಇರಲಿ, ನಾನೇನೂ ಬೇಡ ಅನ್ನುವುದಿಲ್ಲ. ಇಸ್ಪೀಟು, ಕ್ರಿಕೆಟ್ಟು, ರಾಜಕೀಯ, ಹೀಗೆ ಯಾವುದಾದರೂ ಮರ್ಯಾದಸ್ಥರ ಹುಚ್ಚು. ನಮ್ಮವರಿಗೆ ಹಿಡಿದಿರುವುದು ಜೇಡದ ಹುಚ್ಚು. ಅದೂ ಮೂಲೆಯಲ್ಲಿ ಬಲೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿರುವ ಜೇಡವಲ್ಲ. ಮರದ ಕೆಳಗೆ ಕೊಳೆಯುವ ತರಗೆಲೆಯೊಳಗೆ ಸಂಸಾರ ಮಾಡುವ, ಸಾಸಿವೆ ಕಾಳಿನಷ್ಟು ಜೇಡ. ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ಈ ಮಹಾಶಯರು ಅದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ. ಹುಣಸೆಯ ಕೆಳಗಿನ ಜೇಡವೇ ಬೇರೆಯಂತೆ, ಹಲಸಿನ ಕೆಳಗಿನದೇ ಬೇರೆಯಂತೆ. ಜೇಡಗಳಿಗೂ ಕುಲ, ಕೇರಿ! "ಮಾಡೋಕೆ ಬೇರೆ ಕೆಲಸ ಇಲ್ವೇನ್ರೀ?" ಅಂದರೆ, "ನಿಂಗರ್ಥ ಆಗಲ್ಲ ಬಿಡು" ಅನ್ನುತ್ತಾರೆ. ಬೇರೆಯವರ ಗಂಡಂದಿರು ಗುಬ್ಬಿ ಕಡೆ ಹೋದರೆ ಎಳನೀರು ತರುತ್ತಾರೆ. ಇವರು ಚೀಲದ ತುಂಬ ಕಸ ತಂದು ಊಟದ ಮೇಜಿನ ಮೇಲೆ ಜರಡಿ ಹಿಡಿಯುತ್ತಾರೆ. ನನ್ನ ರವೆ ಜರಡಿಯಲ್ಲಿ!

ಆ ಕಸ ಬರುತ್ತಿದ್ದುದು ಗುಬ್ಬಿ ಕಡೆಯ ಹಾಗಲವಾಡಿ ಹತ್ತಿರದ ನನ್ನ ತವರಿನಿಂದ. ಅಲ್ಲಿ ಹೊಂಗೆ, ಹುಣಸೆ, ಹಲಸಿನ ಸುತ್ತ ಹಗ್ಗ ಕಟ್ಟಿ, "ಅತ್ತೆ, ಒಂದು ಎಲೆ ಅಲ್ಲಾಡಬಾರ್ದು" ಎಂದು ಅಪ್ಪಣೆ ಮಾಡಿದ್ದರು. ಬೆಳಗಾದರೆ ಬೀದಿವರೆಗೂ ಗುಡಿಸುವ ನಮ್ಮಮ್ಮ ಅಳಿಯನ ಮುಖ ನೋಡಿ ಕೈ ಕಟ್ಟಿ ಕೂತಿದ್ದಳು. ಗೈಡು ಬಂದು ಜಾಗ ನೋಡಿ ಒಪ್ಪಬೇಕು, ಇಲ್ಲವಾದರೆ ಪಿಎಚ್‌ಡಿಗೆ ಅಲ್ಲಿಗೇ ಮಂಗಳ.

ಒಂದು ಭಾನುವಾರ ಗೈಡನ್ನು ಕರೆದುಕೊಂಡು ಹೋದೆವು. ಮೂರು ಮರಗಳ ಬುಡವೂ ಬೋಳು! ಸಗಣಿ ನೀರು ಚಿಮುಕಿಸಿ, ಹುಣಸೆಯ ಕೆಳಗೆ ರಂಗೋಲಿ ಬೇರೆ. ಹಗ್ಗವನ್ನು ಮಾತ್ರ ಒಗೆದು ಮತ್ತೆ ಕಟ್ಟಿದ್ದಳು.

"ಅಯ್ಯೋ, ಏನಮ್ಮ ಇದು?" ಅಂದೆ.

"ದೊಡ್ಡೋರು ಬತ್ತಾರೆ ಅಂದ್ಮೇಲೆ ಕಸ ಹಂಗೇ ಬುಡಕಾಯ್ತದೇನೇ? ಎಲೆ ಎಲ್ಲೂ ಹೋಗಿಲ್ಲ ಕಣೇ, ತಿಪ್ಪೆಗೆ ಹಾಕಿವ್ನಿ. ಬೇಕಾದ್ರೆ ತಕ್ಕಳ್ಲಿ."

ನಮ್ಮವರು ರಂಗೋಲಿ ಪಕ್ಕದಲ್ಲೇ ಕುಸಿದು ಕೂತರು. ನನಗೆ ಮೊದಲು ನಗು ಬಂತು, ಅವರ ಮುಖ ನೋಡಿದ ಮೇಲೆ ಪಾಪ ಅನ್ನಿಸಿತು. ಹಾಗಂತ ತೋರಿಸಿಕೊಳ್ಳಲಿಲ್ಲ. "ಇನ್ನಾದರೂ ಮನುಷ್ಯರ ಹಾಗೆ ಇರಿ" ಅಂದೆ. ಅಳಿಯ ಊಟ ಬಿಟ್ಟದ್ದು ನೋಡಿ ಅಮ್ಮನಿಗೂ ಸಂಕಟವಾಗಿ, ಸಮಾಧಾನ ಮಾಡಲು ನಮ್ಮ ಜೊತೆ ತುಮಕೂರಿಗೇ ಹೊರಟಳು.

ನಮ್ಮ ಮನೆಗೆ ಬಂದ ಮೇಲೆ, ಕಾಫಿಗೆ ಮುಂಚೆ ಕೈ ತೊಳೆಯುತ್ತೇನೆಂದು ಗೈಡು ಹಿತ್ತಲ ಬಾಗಿಲು ತೆಗೆದರು. ಅಮ್ಮ ಬಂದಾಗ ಆ ಬಾಗಿಲನ್ನು ನಾನು ತೆಗೆಯುವುದೇ ಇಲ್ಲ. ಹೋದವರು ಬರಲಿಲ್ಲ. ಇಣುಕಿದರೆ, ಸಪೋಟ ಮರದಿಂದ ಮಾವಿನ ಬುಡಕ್ಕೆ, ಅಲ್ಲಿಂದ ಬೇವಿನ ಬುಡಕ್ಕೆ ಅಂಬೆಗಾಲಿಟ್ಟು ಹೋಗುತ್ತಿದ್ದಾರೆ!

"ರೀ, ಇದನ್ನ ಬಿಟ್ಟು ಅಷ್ಟು ದೂರ ಯಾಕ್ರೀ ಹೋದ್ರಿ?" ಎಂದು ಗೈಡು ನಮ್ಮವರನ್ನು ಗದರಿದರು. ಹಿತ್ತಲ ಗಿಡ ಮದ್ದಲ್ಲ, ನೋಡಿ. ಆಮೇಲೆ ನನಗೆ ಭಕ್ತಿಯಿಂದ ಕೈ ಮುಗಿದು ಕೇಳಿದರು: "ಇಂಥ ಜಾಗ ನಾನು ನೋಡೇ ಇಲ್ಲಮ್ಮ. ಎಷ್ಟು ವರ್ಷದಿಂದ ಇಲ್ಲಿಗೆ ಪೊರಕೆ ತಾಗಿಸಿಲ್ಲ ತಾವು?"

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಈಗ ಆ ಹಗ್ಗ ನಮ್ಮ ಹಿತ್ತಲಲ್ಲಿದೆ. ಅಮ್ಮ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು, "ಗುಡಿಸ್ದೇನೇ?" ಎಂದು.

"ಗುಡಿಸಬಾರ್ದಂತೆ ಕಣಮ್ಮ," ಅನ್ನುತ್ತೇನೆ ನಾನು, "ನಿಂಗರ್ಥ ಆಗಲ್ಲ ಬಿಡು."