ಲೇಆಫಿಗೆ ಹೆದರಿ ಎಮ್ಮೆ ಕಟ್ಟಿದ್ದು

ನಾನು ದೂರದೃಷ್ಟಿಯುಳ್ಳ ಮನುಷ್ಯ. ಈ ಮಾತನ್ನು ಇದುವರೆಗೆ ಬೇರೆ ಯಾರೂ ಹೇಳದೆ ಇರುವುದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ತೊಂಬತ್ತರ ದಶಕದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಮನೆಯ ಹಿತ್ತಿಲಲ್ಲಿ ನಾನು ಎಮ್ಮೆ ಕಟ್ಟಿದ್ದು ಈ ದೂರದೃಷ್ಟಿಯಿಂದಲೇ. ಎಮ್ಮೆಯ ಬಗ್ಗೆ ನನಗಿದ್ದ ಜ್ಞಾನವೆಂದರೆ ಅದು ಕಪ್ಪಗಿರುತ್ತದೆ ಎಂಬುದಷ್ಟೇ. ಆದರೆ ಅಂಜಿಕೆ ಹೊಕ್ಕ ಮನುಷ್ಯ ಜ್ಞಾನ ಬರಲಿ ಎಂದು ಕಾಯುತ್ತ ಕೂಡುವುದಿಲ್ಲ.

ಅಂಜಿಕೆ ನೌಕರಿಯದು. ಊರಾಚೆಯ ಒಂದು ಸಣ್ಣ ಸೆಮಿಕಂಡಕ್ಟರ್ ಕಾರ್ಖಾನೆಯಲ್ಲಿ ನಾನಿದ್ದೆ. ರೇಡಿಯೊ, ಟಿ.ವಿ.ಗಳ ಹೊಟ್ಟೆಯೊಳಗೆ ಕೂಡುವ ಡಯೋಡು, ಟ್ರಾನ್ಸಿಸ್ಟರುಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ಸಾಸಿವೆಗಿಂತ ಸಣ್ಣ ಸಿಲಿಕಾನ್ ಚೂರಿಗೆ, ಕೂದಲಿಗಿಂತ ಸಪೂರ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಬೆಸೆಯುವುದು ನನ್ನ ಕೆಲಸ. ನನ್ನ ಮದುವೆಯ ಮಾತುಕತೆಯಲ್ಲಿ, ಸೆಮಿ ಎಂದರೆ ಅರ್ಧ ಎಂದು ಯಾರೋ ನಮ್ಮತ್ತೆಗೆ ಹೇಳಿಕೊಟ್ಟಿದ್ದರು. "ಅರ್ಧಾ ಕಂಡಕ್ಟರ್ ಅಂದ್ರ ಹೆಂಗ್ರಿ? ಬರೇ ಸಣ್ಣ ಹುಡುಗೂರ ಟಿಕೀಟು ಹರೀತಾರೇನು?" ಎಂದು ಅವರು ಕೇಳಿದ್ದರು. ಆದರೂ ಮಗಳನ್ನು ಪೂರ್ತಿ ಮನಸ್ಸಿನಿಂದಲೇ ಕೊಟ್ಟರು. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ.

ಹೊರದೇಶದ ಅಗ್ಗದ ಮಾಲು ಬಂದಾಗಲೆಲ್ಲ ನಮ್ಮ ಆರ್ಡರು ಕಡಿಮೆಯಾಗುತ್ತಿತ್ತು. ಆರ್ಡರು ಕಡಿಮೆಯಾದರೆ ಲೇಆಫ್. "ಸದ್ಯ ಮನೆಯಲ್ಲಿರಿ, ಕೆಲಸ ಬಂದರೆ ಕರೆಯುತ್ತೇವೆ" ಎಂದು ಕೆಲವರನ್ನು ಕಳಿಸಿಬಿಡುತ್ತಿದ್ದರು. ಕೆಲವರನ್ನು ಆಮೇಲೆ ಕರೆಯುತ್ತಿದ್ದರು, ಕೆಲವರನ್ನು ಕರೆಯುತ್ತಲೇ ಇರಲಿಲ್ಲ. ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರದು ಬಹಳ ಮೃದು ಸ್ವಭಾವ. ಕೆಟ್ಟ ಸುದ್ದಿಯನ್ನು ಒಣ ಬಾಯಲ್ಲಿ ಹೇಳಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಕ್ಯಾಬಿನ್ನಿಗೆ ಕರೆಸಿ, ಕೂಡಿಸಿ, ಚಹಾ ಕುಡಿಸಿ, ಆಮೇಲೆ ಹೇಳುತ್ತಿದ್ದರು. ಹೀಗಾಗಿ ನಮ್ಮಲ್ಲಿ "ಅವಂಗ ಚಹಾ ಆತು" ಎಂದರೆ ಅವನು ಮನೆಗೆ ಹೋದ ಎಂದೇ ಅರ್ಥ. ಕೊನೆಗೆ ಬೀಗರ ಮನೆಯಲ್ಲಿ ಚಹಾದ ಕಪ್ಪು ಎದುರಿಗೆ ಬಂದರೂ ನನ್ನ ಎದೆ ಡವಡವ ಎನ್ನತೊಡಗಿತು!

ಒಂದು ದಿನ ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಹಿರೇಮಠನಿಗೆ ಚಹಾ ಆಯಿತು. ಅವನ ಸೂಕ್ಷ್ಮದರ್ಶಕಕ್ಕೆ ಯಾರೋ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ ಹೋದರು. ಮನೆಯಲ್ಲಿ ಎಳೆ ಕೂಸಿದ್ದ ಮನುಷ್ಯ. ಅವತ್ತು ಊಟಕ್ಕೆ ಕುಳಿತವನು ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ.

"ನೀಲಾ, ನಾ ಒಂದು ಎಮ್ಮಿ ತರತೇನಿ," ಎಂದೆ ಹೆಂಡತಿಗೆ.

"ಯಾತಕ್ಕ?"

"ನಾಳೆ ನನಗ ಚಹಾ ಆದ್ರ ಹಾಲು ಮಾರಿ ಬದುಕೂಣು."

"ಬೆಕ್ಕು ಮೈಮ್ಯಾಲೆ ಜಿಗದ್ರ ಕುರ್ಚಿ ಏರಿ ನಿಂದರತೀರಿ. ಎಮ್ಮಿ ಯಾರು ಹಿಂಡೋರು?"

"ಕೂದಲಿನಂಥಾ ತಂತಿ ಹಿಡಿಯೋ ಕೈ ಇವು! ಎಮ್ಮಿ ಮೊಲಿ ಯಾವ ಲೆಕ್ಕ?"

ನೀಲಾ ಹುಟ್ಟಿ ಬೆಳೆದದ್ದು ಉಪ್ಪಿನಬೆಟಗೇರಿಯಲ್ಲಿ, ದನಕರುಗಳ ನಡುವೆ. ಆಕೆ ನನ್ನ ಕೈಗಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಸುಮ್ಮನಾದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಎಮ್ಮೆಯನ್ನು ಆಕೆಯ ತವರೂರಿನಿಂದಲೇ ತಂದೆ. ನೀಲಾಳ ತಮ್ಮ ಚನ್ನಪ್ಪ ಸೊಟ್ಟ ಕೋಡಿನ ಒಂದು ಬಡಕಲು ಎಮ್ಮೆ ತೋರಿಸಿ, "ಮಾವಾರ, ಇದನ್ನ ಒಯ್ಯಿರಿ. ನೋಡಾಕ ಹಿಂಗ ಐತಿ, ಗುಣ ಬಂಗಾರದಂಥಾದ್ದು," ಎಂದ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿರುವ ನನಗೆ ಇವನು ಪಾಠ ಹೇಳುವುದೇ? ಮಿರಮಿರ ಮಿಂಚುವ, ಎರಡೂ ಕೋಡು ಸರಿಸಮನಾಗಿದ್ದ ಇನ್ನೊಂದು ಎಮ್ಮೆಯನ್ನು ಆರಿಸಿದೆ. "ಮಾವಾರ, ಅದು ಬರೇ ಹೆಣ್ಮಕ್ಕಳ ಕೈಗೆ ರೂಢಿ ಆಗೇತ್ರಿ," ಎಂದ ಚನ್ನಪ್ಪ. ಹೆಣ್ಣುಮಕ್ಕಳು ಹಿಂಡಿದ್ದರೆ ಸಾಧು ಪ್ರಾಣಿಯೇ ಇರಬೇಕು ಎಂದುಕೊಂಡೆ. ನನ್ನ ತರ್ಕ ಯಾವಾಗಲೂ ಹೀಗೇ, ಬಹಳ ಸರಳ.

ಟೆಂಪೋ ವಿದ್ಯಾನಗರಕ್ಕೆ ಬಂದಾಗ ಮನೆಯ ಮಾಲೀಕರಾದ ಕುಲಕರ್ಣಿ ಕಾಕಾ ಗೇಟಿನಲ್ಲಿಯೇ ನಿಂತಿದ್ದರು. ನಿವೃತ್ತ ಮಾಸ್ತರರು. ಅವರ ಅನುಮತಿಯನ್ನು ನಾನು ಮೊದಲೇ ವಿಧಿವತ್ತಾಗಿ ಪಡೆದಿದ್ದೆ.

"ಮಾದೇವಪ್ಪಾ, ಹಿತ್ತಲದಾಗ ಹಾಲಿಂದು ಸಣ್ಣ ವ್ಯವಸ್ಥಾ ಮಾಡ್ತೀನಿ ಅಂದಿದ್ದಿ. ಇದೇನೋ ಸಣ್ಣದು?"

ಅಷ್ಟರಲ್ಲಿ ಆ ವ್ಯವಸ್ಥೆ ಟೆಂಪೋದಿಂದ ಇಳಿದು ಕಾಕಾ ಬೆಳೆಸಿದ್ದ ಸೇವಂತಿಗೆಯ ಸಾಲಿಗೆ ಬಾಯಿ ಹಾಕಿತು.

"ಅಯ್ಯೋ, ನನ್ನ ಹೂವು ಹೋದ್ವಲ್ಲೋ!"

"ಎಲ್ಲಿ ಹೋಗತಾವ ಕಾಕಾ? ನಾಳೆ ಹಾಲಾಗಿ ನಿಮ್ಮ ಮನಿಗೇ ಬರತಾವ!"

ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ತಂಬಿಗೆ ಹಿಡಿದು ಕುಳಿತೊಡನೆ ಎಮ್ಮೆ ಒಮ್ಮೆ ತಿರುಗಿ ನೋಡಿತು. ಮುಂದಿನ ಕ್ಷಣ ತಂಬಿಗೆ ಕಾಂಪೌಂಡಿನ ಆಚೆಗಿತ್ತು, ನಾನು ಈಚೆಗಿದ್ದೆ. ಅಷ್ಟೇ ಪುಣ್ಯ. ಹಿಂದಿ ಹಾಡು ಹಾಡಿದೆ, ಬೆಲ್ಲ ತಿನಿಸಿದೆ, ಕೈಮುಗಿದೆ. ಅದು ಬೆಲ್ಲವನ್ನು ಮಾತ್ರ ಸ್ವೀಕರಿಸಿತು.

"ಸರೀರಿ, ನಾ ಹಿಂಡತೇನಿ," ಎಂದಳು ನೀಲಾ.

"ಬ್ಯಾಡ! ನೌಕರಿ ಹೋದ್ರ ಇದು ನನ್ನ ಉದ್ಯೋಗ. ನಾನ ಕಲೀಬೇಕು."

"ಹಂಗಾರ ನನ್ನ ಹಳೇ ಸೀರಿ ಉಟಗೋರಿ. ಅದಕ್ಕ ಸೀರಿ ಕಂಡ್ರನ ಹಾಲು ಇಳಸೂ ರೂಢಿ."

ಆಕೆ ಹಾಸ್ಯಕ್ಕೆ ಹೇಳಿದಳೋ ಏನೋ, ನಾನು ಗಂಭೀರವಾಗಿ ಉಟ್ಟೆ. ಪ್ಯಾಂಟಿನ ಮೇಲೆ ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಎಮ್ಮೆ ಮೂಸಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಕಾಲು ಸಡಿಲಿಸಿ ನಿಂತಿತು. ಹಾಲು ಬಂತು! ಆ ದಿನದಿಂದ ನಿತ್ಯವೂ ಕೆಲಸಕ್ಕೆ ಹೋಗುವ ಮೊದಲು ಸೀರೆಯುಟ್ಟು ಹಾಲು ಹಿಂಡತೊಡಗಿದೆ.

ಇನ್ನು ಕಾರ್ಖಾನೆಯ ಕಡೆ ಬರೋಣ. ನಮ್ಮ ಕೋಣೆಯೊಳಗೆ ಧೂಳಿನ ಕಣಕ್ಕೂ ಪ್ರವೇಶವಿರಲಿಲ್ಲ. ಬಿಳಿ ಕೋಟು, ಟೊಪ್ಪಿಗೆ ಹಾಕಿಕೊಂಡೇ ಒಳಗೆ ಹೋಗಬೇಕು. ಆದರೂ ನಮ್ಮ ಮಾಲು ಒಮ್ಮಿಂದೊಮ್ಮೆಲೆ ಕೆಡತೊಡಗಿತು. ದೇಸಾಯಿ ಸಾಹೇಬರೇ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಸಿಲಿಕಾನಿನ ಮೇಲೆ ಹಗ್ಗದಂತೆ ಬಿದ್ದಿತ್ತು ಒಂದು ದಪ್ಪ ಕಪ್ಪು ಕೂದಲು!

ಎಲ್ಲರ ತಲೆಗಳ ತಪಾಸಣೆಯಾಯಿತು. ನನ್ನ ತಲೆ ಬೋಳು. ಮೊದಲು ನಿರಪರಾಧಿಯಾದವನು ನಾನೇ! ಹುಟ್ಟಿದಾಗಿನಿಂದ ಮೊದಲ ಸಲ ಬೋಳುತಲೆಗೆ ಕೃತಜ್ಞನಾಗಿ, ಇಂಥ ಕೂದಲು ಯಾರದಿರಬಹುದು ಎಂದು ಉಳಿದವರ ಜೊತೆ ನಾನೂ ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟೆ. ಎಮ್ಮೆಯ ನೆನಪು ನನಗೆ ಬರಲೇ ಇಲ್ಲ. ದೂರದೃಷ್ಟಿಯವರಿಗೆ ಹತ್ತಿರದ್ದು ಕಾಣುವುದಿಲ್ಲ, ನೋಡಿ.

ಅದಾದ ಮರುದಿನ ಬೆಳಿಗ್ಗೆ ನಾನು ಸೀರೆಯುಟ್ಟು ಹಾಲು ಹಿಂಡುತ್ತಿದ್ದಾಗ ಹಿಂದಿನಿಂದ ಯಾರೋ ಕೇಳಿದರು: "ಏನವ್ವಾ, ಮಾದೇವಪ್ಪ ಅದಾರೇನು ಮನ್ಯಾಗ?"

ತಿರುಗಿದೆ. ದೇಸಾಯಿ ಸಾಹೇಬರು! ನಾನು ಗಾಬರಿಯಲ್ಲಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ. ಆದರೆ ಮೀಸೆ ಮುಚ್ಚಲಿಲ್ಲ.

"ಮಾದೇವಪ್ಪಾ?"

"ಹೌದ್ರಿ ಸಾಹೇಬ್ರ."

ಅವರು ಮುಂದೆ ಬಂದು, ನನ್ನ ಹೆಗಲ ಮೇಲಿನಿಂದ ಒಂದು ಕೂದಲು ಹೆಕ್ಕಿ, ಬಿಸಿಲಿಗೆ ಹಿಡಿದು ನೋಡಿದರು. "ಓಹೋ!" ಎಂದರು. ಆ ಒಂದು ಓಹೋದಲ್ಲಿ ನನ್ನ ನೌಕರಿ ಮುಳುಗಿತು ಎಂದುಕೊಂಡೆ. ಅಷ್ಟರಲ್ಲಿ ನೀಲಾ, ಅತಿಥಿ ಬಂದರಲ್ಲ ಎಂದು, ತಟ್ಟೆಯಲ್ಲಿ ಕಪ್ಪು ಹಿಡಿದು ಬಂದಳು.

"ನೀಲಾ, ಚಹಾ ಬ್ಯಾಡ!" ಎಂದು ಕಿರುಚಿದೆ. ಎಮ್ಮೆ ಬೆಚ್ಚಿ ಒದ್ದ ರಭಸಕ್ಕೆ ಹಾಲೆಲ್ಲ ಸಾಹೇಬರ ಬೂಟಿನ ಮೇಲೆ!

"ಯಾಕ್ರಿ, ನಾ ನಿಮ್ಮ ಮನ್ಯಾಗ ಒಂದು ಕಪ್ಪು ಚಹಾ ಕುಡೀಬಾರದೇನು?" ಎಂದರು ಸಾಹೇಬರು.

ಇನ್ನು ಮುಚ್ಚಿಡುವುದೇನಿದೆ? ಚಹಾದ ಅರ್ಥ, ಹಿರೇಮಠನ ಖಾಲಿ ಕುರ್ಚಿ, ಎಮ್ಮೆ, ಎಲ್ಲ ಹೇಳಿಬಿಟ್ಟೆ. ಸಾಹೇಬರು ನಕ್ಕರು. ನಗುತ್ತ ನಗುತ್ತ ಕಟ್ಟೆಯ ಮೇಲೆ ಕುಳಿತರು. ಆಮೇಲೆ ಅವರ ನಗು ಆರಿತು.

"ಮಂದೀಗೆ ಒಂದೀಟು ಸಮಾಧಾನ ಆಗಲಿ ಅಂತ ಚಹಾ ಕುಡಸ್ತಿದ್ದೆ ನಾನು. ಅದಕ್ಕನ ಅಂಜತಾರ ಅಂತ ಗೊತ್ತ ಇರಲಿಲ್ಲ ನೋಡ್ರಿ. ಖರೇ ಹೇಳಲೇನು? ಮ್ಯಾಲಿನವರ ಫೋನ್ ಬಂದ್ರ ನನ್ನ ಕೈಯೂ ನಡಗತಾವ. ನನಗೇನು ಎಮ್ಮಿ ಕಟ್ಟಾಕ ಹಿತ್ತಲಾನೂ ಇಲ್ಲ."

ಸಾಹೇಬರ ಕೈಯೂ ನಡುಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ಬಂದದ್ದು ತುರ್ತು ಆರ್ಡರೊಂದು ಬಂದಿದೆ, ಬೇಗ ಬನ್ನಿ ಎಂದು ಹೇಳಲು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಅವರ ದಾರಿ ನಮ್ಮ ಓಣಿಯ ಮೇಲೆಯೇ. ಚಹಾ ಕುಡಿದು, "ಹಾಲು ಭಾಳ ಛಲೋ ಐತಿ ತಂಗೀ," ಎಂದು ನೀಲಾಗೆ ಹೇಳಿ, ನನ್ನತ್ತ ತಿರುಗಿದರು. "ಎಮ್ಮಿ ಇವರು ನೋಡಕೊಳ್ಳಲಿ. ನೀವು ತಲಿತುಂಬ ಸ್ನಾನ ಮಾಡಿ ಬರ್ರಿ. ಮತ್ತ, ಸೀರಿ ಬಿಚ್ಚಿಟ್ಟು ಬರ್ರಿ."

ಕೆಟ್ಟ ಮಾಲಿನ ಸಂಗತಿಯನ್ನು ಅವರು ಕಾರ್ಖಾನೆಯಲ್ಲಿ ಹೇಗೆ ಮುಗಿಸಿದರೋ ಗೊತ್ತಿಲ್ಲ. ನನ್ನ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. ಎಮ್ಮೆ ನೀಲಾಳ ಕೈಗೆ ಹೋಯಿತು. ಹೋದ ಮೇಲೆ ಹಾಲು ಇಮ್ಮಡಿಯಾಯಿತು. ಓಣಿಯ ಮನೆಗಳೆಲ್ಲ ಗಿರಾಕಿಗಳಾದವು. ಹಿರೇಮಠನ ಕೂಸಿಗೂ ಇಲ್ಲಿಂದಲೇ ಹಾಲು ಹೋಗುತ್ತಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅಂಜಿದವನು ನಾನು, ಬದುಕು ಕಟ್ಟಿದವಳು ಆಕೆ.

ಮುಂದೆ ಇನ್ನೊಂದು ಲೇಆಫ್ ಬಂತು. ಈ ಸಲ ಸಾಹೇಬರು ಚಹಾ ತರಿಸಲಿಲ್ಲ, ಲಿಂಬು ಶರಬತ್ತು ತರಿಸಿದರು. ನನಗೇ! ಕುಡಿಯುವಾಗ ಅವರ ಕಣ್ಣುಗಳು ಒದ್ದೆಯಾಗಿದ್ದವು, ನನ್ನವೂ. ಆದರೆ ಮನೆಯಲ್ಲಿ ಒಲೆ ಒಂದು ದಿನವೂ ಆರಲಿಲ್ಲ. ನೀಲಾ ನನಗೆ ಹಾಲಿನ ಕ್ಯಾನು ಕೊಟ್ಟು, "ಮನಿಮನಿಗೆ ಹಾಕಿ ಬರ್ರಿ," ಎಂದಳಷ್ಟೇ. ನಾನು ಕಾಕಾಗೆ ಹಾಕಬೇಕಾದ ಹಾಲನ್ನು ಎದುರು ಮನೆಗೆ ಹಾಕಿದೆ, ಎದುರು ಮನೆಯವರದನ್ನು ಸೈಕಲ್ಲಿನಿಂದ ಕೆಡವಿದೆ. ಮೂಲೆಯ ಮನೆಯಲ್ಲಿ ದೇಶದ ಆರ್ಥಿಕ ಸ್ಥಿತಿಯನ್ನು ಚರ್ಚಿಸುತ್ತ ನಿಂತು, ಉಳಿದ ಮನೆಗಳಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿದೆ.

ಕೆಲವು ತಿಂಗಳ ಮೇಲೆ ಕಾರ್ಖಾನೆಯಿಂದ ಮತ್ತೆ ಕರೆ ಬಂತು. ಸುದ್ದಿ ಕೇಳಿ ಓಣಿಯೆಲ್ಲ ಕುಣಿದಾಡಿತು. ಕುಲಕರ್ಣಿ ಕಾಕಾ ಧಾರವಾಡ ಪೇಡೆ ತರಿಸಿ ಮನೆಮನೆಗೆ ಹಂಚಿದರು.

"ಕಾಕಾ, ನನ್ನ ಮ್ಯಾಲೆ ನಿಮಗ ಇಷ್ಟು ಪ್ರೀತಿ ಐತಿ ಅಂತ ಗೊತ್ತ ಇರಲಿಲ್ಲ."

"ಪ್ರೀತಿ ಅದನಪಾ, ಇಲ್ಲಂದ್ರೇನು?" ಎಂದರು ಕಾಕಾ, ನನ್ನ ಬಾಯಿಗೆ ಪೇಡೆ ತುರುಕುತ್ತ. "ಅದಲ್ಲದ, ನಾಳಿಂದ ನಮಗ ಹಾಲು ವ್ಯಾಳ್ಯಾಕ್ಕ ಬರತಾವ ನೋಡು!"

ಪೇಡೆ ಬಹಳ ರುಚಿಯಾಗಿತ್ತು. ನಾಚಿಕೆ ಬಿಟ್ಟು ಇನ್ನೊಂದು ಕೇಳಿ ತಿಂದೆ.