ಆಮೆಗೆ ಆಯುಧಪೂಜೆ

ಪಾಣೆಮಂಗಳೂರಿನ ಕುಸುಮಕ್ಕ ಇನ್ನು ಸಾಯುವವರೆಗೆ ಒಂದೇ ಡೆಕ್ಕಿನಲ್ಲಿ ಆಡುವುದೆಂದು ಘೋಷಿಸಿದರು. ಡೆಕ್ ಎಂದರೆ ನಲವತ್ತು ಚಿತ್ರದ ಕಾರ್ಡು. ಅವರವರ ಕಟ್ಟು ಹಿಡಿದು ಎದುರುಬದುರು ಕೂತು ಕಾದಾಡುವ ಆಟ. ಗಂಡ ಸುಬ್ಬಯ್ಯ ತೀರಿಕೊಂಡ ಮೇಲೆ ಗೋಡೆ ನೋಡುತ್ತಾ ಕೂತವರಿಗೆ ಮಗಳು ಸುರಕ್ಷಾ ಕಲಿಸಿದ್ದು.

"ಅಮ್ಮ, ಆಮೆ ಡೆಕ್ ಭಾರೀ ನಿಧಾನ. ಬದಲಿಸುವ."

"ನಿನ್ನ ಅಪ್ಪ ಬದಲಿಸಿದ್ದು ಸಾಕು. ಸೋಡಾ ಅಂಗಡಿ, ಕೋಳಿ ಫಾರ್ಮು, ಫ್ಯಾನ್ಸಿ ಸ್ಟೋರು. ಒಂಬತ್ತು ವ್ಯಾಪಾರ ಹಿಡಿದರು, ಒಂಬತ್ತೂ ಮುಚ್ಚಿದರು. ನಾನು ಹಿಡಿದದ್ದು ಬಿಡುವವಳಲ್ಲ."

ಆರು ತಿಂಗಳು ಆಮೆಯನ್ನೇ ಆಡಿದರು. ಯಾವ ಕಾರ್ಡು ಯಾವಾಗ ಇಳಿಸಬೇಕೆಂದು ಬೆರಳಿಗೇ ಗೊತ್ತಾಯಿತು. ಮೂಡಬಿದ್ರೆಯ ಸ್ಪರ್ಧೆಯಲ್ಲಿ ಒಂದು ಸುತ್ತಾದರೂ ಗೆಲ್ಲಬೇಕು, ಆಸೆ ಅಷ್ಟೇ. ಹಿಂದಿನ ದಿನ ಆಯುಧಪೂಜೆ. ಸ್ಕೂಟರಿಗೆ, ಮಿಕ್ಸಿಗೆ, ಕತ್ತಿಗೆ ಕುಂಕುಮ ಇಟ್ಟವರು ಡೆಕ್ಕಿನ ಮಹಾರಾಜ ದೊಡ್ಡ ಆಮೆಗೂ ಒಂದು ಬೊಟ್ಟು ಇಟ್ಟರು.

ಸ್ಪರ್ಧೆಯಲ್ಲಿ ಎದುರಾಳಿ ಬೆಳ್ತಂಗಡಿಯ ಶಿಶಿರ್. ದೊಡ್ಡ ಆಮೆ ಕುಸುಮಕ್ಕನ ಕೈಗೆ ಬಂದದ್ದೇ ತಡ, ಅವನು ಬಲೆಯ ಕಾರ್ಡು ಹಾಸಿ ಕಾಯುತ್ತಿದ್ದ. ಮೊದಲ ಆಟ ಹೋಯಿತು.

"ನಿನಗೆ ಅಂಜನ ಹಾಕಿ ನೋಡ್ಲಿಕ್ಕೆ ಬರ್ತದಾ ಮಾರಾಯ?"

ಅವನ ಕಣ್ಣು ಅವರ ಕೈಯ ಕಾರ್ಡಿನಲ್ಲೇ ಇತ್ತು. ಅಷ್ಟರಲ್ಲಿ ತೀರ್ಪುಗಾರ ಹಿಶಾಮ್ ಬಂದು ಆಮೆಯನ್ನು ಮಗುಚಿದ.

"ಕುಸುಮಕ್ಕ, ಬೆನ್ನಿಗೆ ಕೆಂಪು ಎಂತದ್ದು?"

"ಪೂಜೆಯದ್ದು. ಎದುರಿಗೆ ಇಟ್ಟರೆ ಆಮೆಯ ಮುಖ ಮುಚ್ಚುತ್ತದಲ್ಲ?"

"ಗುರುತು ಇರುವ ಕಾರ್ಡು ಆಡ್ಲಿಕ್ಕಿಲ್ಲ. ಬೆನ್ನು ನಲವತ್ತಕ್ಕೂ ಒಂದೇ ರೀತಿ ಇರಬೇಕು."

"ಅಷ್ಟೇ ಅಲ್ವಾ?"

ಕುಸುಮಕ್ಕ ಬ್ಯಾಗಿನಿಂದ ಪ್ರಸಾದದ ಪೊಟ್ಟಣ ತೆಗೆದು ಉಳಿದ ಮೂವತ್ತೊಂಬತ್ತಕ್ಕೂ ಕುಂಕುಮ ಇಟ್ಟರು. ಸುರಕ್ಷಾ ಮುಖ ಮುಚ್ಚಿಕೊಂಡಳು.

"ಸಾಕು ಅಮ್ಮ, ಜನ ನೋಡ್ತಾರೆ."

"ನೋಡಲಿ. ನಿನ್ನ ಅಪ್ಪ ಹೋದ ಮೇಲೆ ಕುಂಕುಮ ನನ್ನ ಹಣೆಗೆ ಬೇಡ ಎಂದು ಎಲ್ಲರೂ ಹೇಳಿದರು. ಆಮೆಗೆ ಬೇಡ ಎಂದು ಯಾರೂ ಹೇಳಲಿಲ್ಲ."

ಹಿಶಾಮ್ ನಿಯಮದ ಪುಸ್ತಕ ಎರಡು ಸಲ ಮಗುಚಿದ. ಕುಂಕುಮದ ವಿಷಯ ಅದರಲ್ಲಿ ಇರಲಿಲ್ಲ. ಎರಡನೇ ಆಟದಲ್ಲಿ ಶಿಶಿರನಿಗೆ ಕಣ್ಣು ಕಟ್ಟಿದ ಹಾಗಾಯಿತು. ಆಮೆ ಅವನ ಮೇಲೆ ನಡೆದುಕೊಂಡು ಹೋಯಿತು.

ಇನ್ನೊಂದು ಆಟ ಗೆದ್ದರೆ ಸುತ್ತು ಕುಸುಮಕ್ಕನದ್ದು. ಕೊನೆಯ ಆಟಕ್ಕೆ ಮೊದಲು ಒಬ್ಬರ ಡೆಕ್ಕನ್ನು ಇನ್ನೊಬ್ಬರು ಕಲಸಿ ಕೊಡುವುದು ಕ್ರಮ. ಕುಸುಮಕ್ಕ ಶಿಶಿರನ ಡೆಕ್ಕನ್ನು ಅವಲಕ್ಕಿ ಕಲಸಿದ ಹಾಗೆ ಚೆನ್ನಾಗಿ ಕಲಸಿದರು. ಹತ್ತು ಬೆರಳಿನಲ್ಲೂ ಕುಂಕುಮ.

"ಅಕ್ಕ, ನನ್ನದಕ್ಕೂ ಪೂಜೆ ಮಾಡಿಬಿಟ್ಟಿರಾ?" ಶಿಶಿರನ ಸ್ವರ ಅಳುವ ಹಾಗಿತ್ತು. ಒಂದು ಕಾರ್ಡಿಗೆ ಒಂದು ಬೆರಳು, ಒಂದಕ್ಕೆ ಮೂರು, ಒಂದಕ್ಕೆ ಇಡೀ ಅಂಗೈ.

ಹಿಶಾಮ್ ಪುಸ್ತಕ ಮುಚ್ಚಿ ಇಬ್ಬರನ್ನೂ ಸ್ಪರ್ಧೆಯಿಂದ ಹೊರಗೆ ಕಳಿಸಿದ.

ಬಸ್ಸಿನಲ್ಲಿ ಕುಸುಮಕ್ಕ ಕೆಂಪು ಕೈ ಸೆರಗಿನಲ್ಲಿ ಅಡಗಿಸಿ ಕೂತಿದ್ದರು.

"ಅಮ್ಮ," ಸುರಕ್ಷಾ ಹೇಳಿದಳು, "ಒಂಬತ್ತು ವ್ಯಾಪಾರ ಮುಚ್ಚಲಿಕ್ಕೆ ಅಪ್ಪನಿಗೆ ಇಪ್ಪತ್ತು ವರ್ಷ ಬೇಕಾಯಿತು. ನೀನು ಒಂದೇ ಬೆಳಿಗ್ಗೆ ಎರಡು ಡೆಕ್ ಮುಚ್ಚಿದೆ. ಅದರಲ್ಲಿ ಒಂದು ನಿನ್ನದೂ ಅಲ್ಲ."