ತಾಡಪತ್ರಿಯ ಮೇಲಿನ ಸಮುದ್ರ

ನಾನು ನಿಂತಿದ್ದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಹಿಂದೆ, ಮಾಳಿಗೆಗೆ ಹೋಗುವ ಮೆಟ್ಟಿಲುಗಳಲ್ಲಿ ಕೆಳಗಿನಿಂದ ಆರನೆಯದರ ಮೇಲೆ. ಹೋದ ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬಲಗೈಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಕಣ್ಣಾರೆ ಕಂಡೂ ಯಾಕೆ ಸುಮ್ಮನಿದ್ದೆ ಎಂಬುದನ್ನು ಹೇಳಲು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲಬುರಗಿಯಂಥ ಊರಿನಲ್ಲಿ ಸಮುದ್ರದ ಮೀನು ಸಾಕುವವನು ಮೊದಲು ಸಮುದ್ರವನ್ನೇ ಮಾಡಿಕೊಳ್ಳಬೇಕು. ನನ್ನವು ಎರಡು ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಹಿಂದಿನ ಕಿಟಕಿಯ ಬಳಿ ಗಾಜಿನ ತೊಟ್ಟಿಯಲ್ಲಿವೆ. ಅವುಗಳ ಸಲುವಾಗಿ ಮೆಟ್ಟಿಲ ಬುಡದಲ್ಲಿ ಎರಡು ಡ್ರಮ್ ಇಟ್ಟಿದ್ದೇನೆ. ಒಂದರಲ್ಲಿ ನಲ್ಲಿಯ ನೀರು ಫಿಲ್ಟರಿನಲ್ಲಿ ಹಾದು, ತನ್ನ ಸತ್ವವನ್ನೆಲ್ಲ ಕಳೆದುಕೊಂಡು, ಹನಿಹನಿಯಾಗಿ ಬೀಳುತ್ತದೆ. ಇನ್ನೊಂದರಲ್ಲಿ ಅದೇ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಸಣ್ಣ ಪಂಪಿನಿಂದ ತಿರುಗಿಸುತ್ತೇನೆ. ಲೀಟರಿಗೆ ಮೂವತ್ತೈದು ಗ್ರಾಂ ಆದರೆ ಅದು ಸಮುದ್ರ. ಅಳೆಯಲು ದುರ್ಬೀನಿನಂಥ ಒಂದು ಕೊಳವೆಯಿದೆ. ಹನಿ ನೀರು ಹಾಕಿ ಕಣ್ಣಿಗೆ ಹಿಡಿದರೆ ಸಂಖ್ಯೆ ಕಾಣುತ್ತದೆ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಒಳ್ಳೆಯ ನೀರನ್ನು ಇನ್ನಷ್ಟು ಒಳ್ಳೆಯದು ಮಾಡಿ, ಆಮೇಲೆ ಅದಕ್ಕೆ ಉಪ್ಪು ಸುರಿಯುವವನಿಗೆ ಜನ ಏನೆನ್ನುತ್ತಾರೆಂದು ನಾನು ಯಾರನ್ನೂ ಕೇಳಿಲ್ಲ. ಅವರೇ ಬಂದು ಹೇಳಿದ್ದಾರೆ.

ಆ ವಾರ ಕಮಲಾಪುರದಿಂದ ಮಾವನವರು ಬಂದಿದ್ದರು. ಬಾಳೆ, ತೊಗರಿ ಬೆಳೆಯುವ ಮನುಷ್ಯ. ಮನೆಯಲ್ಲಿ ಯಾವ ಜೀವ ಹಸಿದಿದ್ದರೂ ಅವರಿಗೆ ಊಟ ಸೇರುವುದಿಲ್ಲ. ಸೋಮವಾರ ನಾನು ಆಫೀಸಿನಲ್ಲಿದ್ದಾಗ ಅರ್ಧ ಜೋಳದ ರೊಟ್ಟಿಯನ್ನು ಪುಡಿ ಮಾಡಿ ತೊಟ್ಟಿಗೆ ಉದುರಿಸಿದರು. "ಚಮಚೆ ತುದೀಲೆ ಹಾಕ್ತೀರಿ, ಅಳಿಯಾರ, ಅದೂ ಒಂದ್ ಊಟೇನ್ರಿ?" ಎಂದು ಸಂಜೆ ನನ್ನನ್ನೇ ಕೇಳಿದರು. ಮಂಗಳವಾರ ನೀರು ಗಂಜಿಯ ಹಾಗೆ ಬೆಳ್ಳಗಾಯಿತು, ಮೀನುಗಳು ಮೇಲೆ ಬಂದು ಏದುಸಿರು ಬಿಡತೊಡಗಿದವು. "ಮಾವಾರ, ಇನ್ನ ಮ್ಯಾಲ ಮೀನಿನ ತಂಟಿಗೆ ಹೋಗಬ್ಯಾಡ್ರಿ" ಎಂದುಬಿಟ್ಟೆ. ದನಿ ಸ್ವಲ್ಪ ಏರಿತ್ತು. ಅವರು ಅಂದು ಎರಡನೇ ರೊಟ್ಟಿ ಹಾಕಿಸಿಕೊಳ್ಳಲಿಲ್ಲ. ಹೆಂಡತಿ ಅಂಬಿಕಾ ಅಡುಗೆಮನೆಗೆ ಕರೆದು, "ನಮ್ಮಪ್ಪಗ ಇನ್ನೊಂದ್ ಮಾತ್ ಅಂದ್ರ, ನೀವೂ ಆ ಮೀನಿನ ಕೂಡೇ ಇರ್ರಿ" ಎಂದಳು.

ಮೀನು ಉಳಿಯಬೇಕಾದರೆ ತೊಟ್ಟಿಯ ಅರ್ಧ ನೀರು ಬದಲಿಸಬೇಕು. ಬುಧವಾರ ಉಪ್ಪಿನ ಕೊನೆಯ ಪೊಟ್ಟಣ ಒಡೆದು ಅರವತ್ತು ಲೀಟರ್ ಮಾಡಿದೆ. ಕೊಳವೆಯಲ್ಲಿ ಮೂವತ್ತೈದು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ದಿನ ತಿರುಗಲಿ ಎಂದು ಬಿಟ್ಟೆ. ಮುಂದಿನ ಪೊಟ್ಟಣ ಮುಂಬೈಯಿಂದ ಬರಲು ಎಂಟು ದಿನ. ಮೀನುಗಳಿಗೆ ಅಷ್ಟು ದಿನಗಳಿರಲಿಲ್ಲ.

ಗುರುವಾರ ನಲ್ಲಿ ಬಂತು. ನಲ್ಲಿ ಬಂದಾಗ ಮನೆಯಲ್ಲಿ ಒಂದು ತಂಬಿಗೆ ಖಾಲಿ ಉಳಿದರೂ ನಮ್ಮವರ ಮನಸ್ಸಿಗೆ ಸಮಾಧಾನವಿಲ್ಲ. ಮಾವನವರು ಕೊಡ, ಹಂಡೆ, ಬಕೀಟು ಎಲ್ಲ ತುಂಬಿಸಿ, ಉಪ್ಪುನೀರಿನ ಡ್ರಮ್ಮಿನ ಮುಚ್ಚಳ ತೆಗೆದರು. ಒಂದು ಮೊಳದಷ್ಟು ಖಾಲಿ ಕಂಡಿತು. "ಛೇ ಛೇ" ಎಂದು ಲೊಚಗುಟ್ಟಿ, ನನಗೆ ಬೆನ್ನು ಮಾಡಿ ಪೈಪು ಇಳಿಬಿಟ್ಟರು. ಮೆಟ್ಟಿಲ ಮೇಲಿಂದ ನಾನು ಬಾಯಿ ತೆರೆದೆ. ಅಂಬಿಕಾಳ ಮಾತು ನೆನಪಾಯಿತು. ಮುಚ್ಚಿದೆ. ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ನಾಲ್ಕು ನಿಮಿಷದಲ್ಲಿ ಡ್ರಮ್ ಕಂಠಮಟ್ಟ ತುಂಬಿತು. ಮೂವತ್ತೈದಿದ್ದದ್ದು ಇಪ್ಪತ್ತೊಂದಾಯಿತು.

ಆಮೇಲೆ ತೊಟ್ಟಿಗೂ ಡ್ರಮ್ಮಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಹನ್ನೊಂದು ಬಾರಿ ಅಳೆದೆ. ಸಂಖ್ಯೆಗೆ ನನ್ನ ಮೇಲೆ ಕನಿಕರ ಹುಟ್ಟಲಿಲ್ಲ. "ಏನ್ರೀ, ಗಿರಣಿ ಗತೆ ತಿರಗಾಕತ್ತೀರಿ?" ಎಂದಳು ಅಂಬಿಕಾ. ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು. "ನೀವ್ ಮೆಟ್ಟಲ ಮ್ಯಾಲ ನಿಂತಿದ್ದು ಕಿಟಕ್ಯಾಗಿಂದ ನೋಡೀನಿ. ಬಾಯಿ ತಗದು ಮುಚ್ಚಾಕತ್ತಿದ್ರಿ. ಆಕಳಸಾಕತ್ತಾರ ಅನ್ಕೊಂಡೆ!"

ಮಾವನವರ ಕಿವಿಗೂ ಬಿತ್ತು. ಡ್ರಮ್ಮಿನಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿದರು. "ಹೊಲಕ್ಕ ಸವಳ ಬರಬಾರದಂತ ನಾವ್ ಹೆಣಗತೀವಿ. ನೀವ್ ನೋಡಿದ್ರ ಛೊಲೋ ನೀರಿಗಿ ಉಪ್ಪು ಹಾಕ್ತೀರಿ. ಆಗ್ಲಿ. ಹೆಚ್ಚಾಗಿದ್ ನೀರಷ್ಟೇ ಹೋಗಬೇಕಲ್ಲ? ಕಲಬುರಗ್ಯಾಗ ಬಿಸಲಿಗೇನ್ ಬರ ಅದೇನ್ರಿ? ತಾಡಪತ್ರಿ ತರೂಣು ನಡೀರಿ."

ನೆಹರು ಗಂಜಿನ ಅಂಗಡಿಯಲ್ಲಿ ಹೊಸ ಟಾರ್ಪಾಲನ್ನೇ ಕೊಳ್ಳೋಣ ಎಂದೆ. "ಹೊಸಾದು ನಾರ್ತದ. ನಮ್ಮದು ಮೂರು ಸುಗ್ಗಿ ತೊಗರಿ ಒಣಗಿಸಿ ಪಳಗ್ಯಾದ" ಎಂದರು. ಅವರ ಜೊತೆ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ, ತಾಡಪತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮಹಾಗಾಂವದಲ್ಲಿ ಬಸ್ಸು ಏಳು ನಿಮಿಷ ನಿಂತಿತು. ನಾನು ಎದ್ದು ಕೂತು, ಎದ್ದು ಕೂತು ಮಾಡುತ್ತಿದ್ದೆ. "ಕೂಡ್ರಿ, ಮೀನೇನು ಮನಿ ಬಿಟ್ಟು ಓಡಿ ಹೋಗ್ತಾವೇನು?" ಎಂದರು ಮಾವ.

ಶುಕ್ರವಾರ ಎಂಟಕ್ಕೆ ಮಾಳಿಗೆಯ ಮೇಲೆ ಇಟ್ಟಿಗೆಗಳ ಸುತ್ತುಕಟ್ಟೆ ಮಾಡಿ, ಮೂರು ಸಲ ತೊಳೆದ ತಾಡಪತ್ರಿ ಹಾಸಿ, ನೂರು ಲೀಟರ್ ಸುರಿದೆವು. ಬೆರಳಗಲ ನೀರು. ಪಕ್ಕದ ಮಾಳಿಗೆಯಿಂದ ಜುಬೇದಾ ಆಪಾ ಇಣುಕಿದರು. "ಯೇ ಕ್ಯಾ ಭಾಯಿ? ಹಪ್ಪಳ ಒಣಗ್ಸೋರನ್ನ ನೋಡೀನಿ. ಪಾನೀ ಒಣಗ್ಸೋರನ್ನ ಇದೇ ಫಸ್ಟ್ ನೋಡಾಕತ್ತೀನಿ!" ಒಂದು ಕಾಗೆ ಬಂದು ಕೊಕ್ಕು ಅದ್ದಿ, ತಲೆ ಕೊಡವಿ, ನನ್ನ ಕಡೆ ಒಮ್ಮೆ ನೋಡಿ ಹಾರಿಹೋಯಿತು. ಮಾವನವರು ಕೊಡೆ ಹಿಡಿದು ಕಾವಲು ಕೂತರು: "ಜ್ವಾಳ ಕಾಯೂದ್ಕಿಂತ ಹಗುರ. ಇದನ್ನ ಯಾರೂ ತಿನ್ನಂಗಿಲ್ಲ." ಕೊಳವೆಯಲ್ಲಿ ಇಪ್ಪತ್ತಮೂರು, ಇಪ್ಪತ್ತಾರು, ಮೂವತ್ತು. ಪ್ರತಿ ಸಲ ಮಾಳಿಗೆ ಇಳಿದು ಮೀನು ನೋಡಿ ಬರುತ್ತಿದ್ದೆ. ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಮೂವತ್ತೈದು. ಧೋತರದಲ್ಲಿ ಸೋಸಿದಾಗ ಎರಡು ತೊಗರಿಕಾಳು ಸಿಕ್ಕವು.

ರಾತ್ರಿಯೆಲ್ಲ ತಣ್ಣಗಾದ ನೀರನ್ನು ಶನಿವಾರ ತೊಟ್ಟಿಗೆ ಹಾಕಿದೆ. ಭಾನುವಾರ ಮೀನುಗಳು ಕೆಳಗಿಳಿದು ಈಜಿದವು. ಮಾವನವರು ಚಮಚೆಯ ತುದಿಯಷ್ಟೇ ತಿನಿಸು ಹಾಕಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಂದು ಅವರು ಮೂರು ರೊಟ್ಟಿ ತಿಂದರು.

ಆ ಗುರುವಾರ ನಾನು ಮೆಟ್ಟಿಲ ಮೇಲೆ ನಿಂತು ನೋಡಿದ್ದಕ್ಕೆ ಸಾಕ್ಷಿಗಳು ಇವರು: ಅಡುಗೆಮನೆಯ ಕಿಟಕಿಯಲ್ಲಿದ್ದ ಅಂಬಿಕಾ, ತಮ್ಮ ಮಾಳಿಗೆಯ ಮೇಲೆ ಬಟ್ಟೆ ಹಾಕುತ್ತಿದ್ದ ಜುಬೇದಾ ಆಪಾ, ಗಾಜಿನೊಳಗಿದ್ದ ಎರಡು ಮೀನುಗಳು. ಮೊದಲಿನ ಇಬ್ಬರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಮೀನುಗಳು ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಅದನ್ನು ಅವು ಅಂದೇ, ಯಾರನ್ನೋ ನೋಡಿ ಕಲಿತವೆಂದು ಅಂಬಿಕಾ ಬಂದವರಿಗೆ ತೋರಿಸುತ್ತಾಳೆ. ನಾನು ಅಲ್ಲೇ ನಿಂತಿರುತ್ತೇನೆ. ಇದುವರೆಗೆ ಏನೂ ಹೇಳಿಲ್ಲ.